ಹಳೆಯ ನಾಣ್ಯದ ಮೈ ಮತ್ತು ಅದರ ದರ್ಜೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ, ಅಡರಕಟ್ಟಿಯಂತಹ ಊರುಗಳ ಹಳೆಯ ಮನೆಗಳಲ್ಲಿ, ದೇವರ ಪೆಟ್ಟಿಗೆಯೊಳಗೆ ಒಂದೆರಡಾದರೂ ಬೆಳ್ಳಿಯ ರೂಪಾಯಿಗಳು ಇರುವುದುಂಟು. ರಾಣಿ ಛಾಪು, ರಾಜಾ ಛಾಪು ಎಂದು ಜನ ಅವನ್ನು ಗುರುತಿಸುತ್ತಾರೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅವನ್ನು ಹೊರತೆಗೆದು, ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳಗಿ, ಪೂಜೆ ಮುಗಿದ ಮೇಲೆ ಮತ್ತೆ ಪೆಟ್ಟಿಗೆಗೆ ಸೇರಿಸುವುದು ವಾಡಿಕೆ. ಒಂದೇ ಇಸವಿಯ ಇಂತಹ ಎರಡು ರೂಪಾಯಿಗಳನ್ನು ಪತ್ತಾರರಲ್ಲಿಗೆ ಒಯ್ದರೆ, ಅವರು ತೂಗಿ ನೋಡಿ ಎರಡಕ್ಕೂ ಒಂದೇ ಬೆಲೆ ಕಟ್ಟುವರು. ಅವನ್ನೇ ನಾಣ್ಯಸಂಗ್ರಾಹಕರ ಮುಂದಿಟ್ಟರೆ, ಒಂದನ್ನು ಬೆಳ್ಳಿಯ ಬೆಲೆಗೆ ಮಾತ್ರ ಕೇಳಿ, ಇನ್ನೊಂದಕ್ಕೆ ಅದರ ಹಲವು ಪಟ್ಟು ಕೊಡಲು ಅವರು ಸಿದ್ಧರಾಗಬಹುದು. ಇಸವಿ ಒಂದೇ, ಲೋಹ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಭೇದವೆಲ್ಲಿ?

ಭೇದವಿರುವುದು ನಾಣ್ಯದ ಮೈಯಲ್ಲಿ. ಮಿಲಿಮೀಟರಿನ ಸಾವಿರದ ಕೆಲವು ಪಾಲುಗಳಷ್ಟು ತೆಳುವಾದ ಮೇಲುಪದರದಲ್ಲಿ ನಾಣ್ಯದ ಚರಿತ್ರೆಯೆಲ್ಲ ಬರೆದಿರುತ್ತದೆ. ಆ ಬರಹವನ್ನು ಓದುವ ಸಾಧನ ಬೆಳಕು. ನಾಣ್ಯದ ದರ್ಜೆಯನ್ನು ನಿರ್ಣಯಿಸುವುದೆಂದರೆ, ಅದರ ಮೈಯಿಂದ ಮರಳಿ ಬರುವ ಬೆಳಕನ್ನು ಪರೀಕ್ಷಿಸಿ, ಆ ಮೈಯ ಮೇಲೆ ಏನೇನು ನಡೆದಿದೆಯೆಂದು ಊಹಿಸುವುದು. ಈ ಪರೀಕ್ಷೆಯ ಹಿಂದಿರುವ ಭೌತವಿಜ್ಞಾನವನ್ನು ಇಲ್ಲಿ ನೋಡೋಣ.

ಕನ್ನಡಿ ಮತ್ತು ಗೋಡೆ

ಕನ್ನಡಿಯ ಮೇಲೆ ಬಿದ್ದ ಬೆಳಕು ನಿಯತವಾದ ಒಂದೇ ದಿಕ್ಕಿನಲ್ಲಿ ಮರಳುತ್ತದೆ. ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ಬೆಳಕಾದರೋ ಎಲ್ಲ ದಿಕ್ಕುಗಳಿಗೂ ಚೆದರುತ್ತದೆ. ಈ ಎರಡಕ್ಕೂ ಇರುವ ಅಂತರ ಮೈಯ ಉಬ್ಬುತಗ್ಗುಗಳದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು ೦.೪ರಿಂದ ೦.೭ ಮೈಕ್ರಾನ್, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಉಬ್ಬುತಗ್ಗುಗಳು ಈ ಅಲೆಯುದ್ದಕ್ಕಿಂತ ಬಹಳ ಚಿಕ್ಕವಾಗಿದ್ದರೆ ಮೈ ಕನ್ನಡಿಯಂತೆ ವರ್ತಿಸುತ್ತದೆ. ಅದಕ್ಕೆ ಸಮನಾಗಿಯೋ ದೊಡ್ಡವಾಗಿಯೋ ಇದ್ದರೆ ಬೆಳಕು ಚೆದರುತ್ತದೆ. ಆದಕಾರಣ ಬೆರಳಿಗೆ ನುಣುಪಾಗಿಯೇ ತೋರುವ ಲೋಹದ ಮೇಲಿನ ಸೂಕ್ಷ್ಮ ಗೀರೂ ಬೆಳಕಿನ ದೃಷ್ಟಿಗೆ ದೊಡ್ಡ ಕಾಲುವೆಯೇ ಸರಿ.

ಇನ್ನೊಂದು ನಿಯಮವನ್ನು ನೆನಪಿನಲ್ಲಿಡಬೇಕು. ಕನ್ನಡಿಯನ್ನು ಒಂದು ಕೋನದಷ್ಟು ಓರೆ ಮಾಡಿದರೆ, ಅದರಿಂದ ಮರಳುವ ಕಿರಣ ಅದರ ಎರಡರಷ್ಟು ಕೋನಕ್ಕೆ ತಿರುಗುತ್ತದೆ. ಗೀರಿನ ಗೋಡೆಯು ಸುತ್ತಲಿನ ಮೈಗಿಂತ ಕೇವಲ ೫ ಅಂಶ ಓರೆಯಾಗಿದೆಯೆಂದು ಭಾವಿಸೋಣ. ಅದರಿಂದ ಹೊರಟ ಕಿರಣ ಉಳಿದ ಕಿರಣಗಳಿಂದ ೧೦ ಅಂಶ ಬೇರೆಯಾಗಿ, ೩೦ ಸೆಂಟಿಮೀಟರ್ ದೂರ ಸಾಗುವಷ್ಟರಲ್ಲಿ ೫ ಸೆಂಟಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ನಮ್ಮ ಕಣ್ಣಿನ ಪಾಪೆಯ ಅಗಲ ಕೆಲವೇ ಮಿಲಿಮೀಟರ್. ಆದುದರಿಂದ ನಾಣ್ಯವನ್ನು ಒಂದು ಭಂಗಿಯಲ್ಲಿ ಹಿಡಿದಾಗ ಆ ಗೀರು ಕಾಣಿಸದೆಯೇ ಹೋಗಬಹುದು; ತುಸು ತಿರುಗಿಸಿದೊಡನೆ ಅದೇ ಗೀರು ಮಿಂಚಿನಂತೆ ಹೊಳೆದೀತು. ನಾಣ್ಯ ಬಲ್ಲವರು ಅದನ್ನು ಸ್ಥಿರವಾಗಿ ಹಿಡಿಯದೆ, ದೀಪದ ಕೆಳಗೆ ಮೆಲ್ಲನೆ ಓಲಾಡಿಸುತ್ತ, ತಿರುಗಿಸುತ್ತ ನೋಡುವುದರ ಕಾರಣ ಇದೇ.

ಟಂಕಸಾಲೆಯಿಂದ ಬಂದ ಮೈ

ದೋಷ ಯಾವುದೆಂದು ಹೇಳುವ ಮೊದಲು ದೋಷವಿಲ್ಲದ ಮೈ ಹೇಗಿರುತ್ತದೆಂಬುದನ್ನು ತಿಳಿದಿರಬೇಕು. ಗದಗಿನ ಸಮೀಪದ ಲಕ್ಕುಂಡಿಗೆ ಶಾಸನಗಳಲ್ಲಿರುವ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆಯಿತ್ತು. ಅಲ್ಲಿಂದ ಹೊರಟ ಚಿನ್ನದ ನಾಣ್ಯಕ್ಕೆ ಲೊಕ್ಕಿ ಗದ್ಯಾಣವೆಂದು ಹೆಸರು. ಆ ಯುಗದ ಚಿನ್ನದ ನಾಣ್ಯಗಳಲ್ಲಿ ಅನೇಕವನ್ನು ತೆಳುವಾದ ಬಿಲ್ಲೆಯ ಮೇಲೆ ಬೇರೆ ಬೇರೆ ಮುದ್ರೆಗಳನ್ನು ಒಂದೊಂದಾಗಿ ಒತ್ತಿ ತಯಾರಿಸುತ್ತಿದ್ದರು. ಅಂತಹ ನಾಣ್ಯದಲ್ಲಿ ಬಿಲ್ಲೆ ತುಸು ಬಟ್ಟಲಿನಂತೆ ಬಾಗಿರುವುದು, ಒಂದು ಮುದ್ರೆ ಇನ್ನೊಂದರ ಮೇಲೆ ಏರಿರುವುದು, ಅಂಚು ವರ್ತುಲವಾಗಿಲ್ಲದಿರುವುದು ಇವೆಲ್ಲ ತಯಾರಿಕೆಯ ಗುರುತುಗಳು. ಇವನ್ನು ದೋಷವೆಂದು ಎಣಿಸಿದರೆ, ಕೈಮಗ್ಗದ ಸೀರೆಯಲ್ಲಿ ನೂಲಿನ ಗಂಟನ್ನು ಹರಕು ಎಂದಂತೆ.

ಯಂತ್ರದಿಂದ ಒತ್ತಿದ ರೂಪಾಯಿಯ ಸಂಗತಿ ಬೇರೆ. ೧೮೩೫ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಡಳಿತದ ಪ್ರದೇಶಕ್ಕೆಲ್ಲ ಏಕರೂಪದ ರೂಪಾಯಿಯನ್ನು ತಂದಿತು. ಅದರ ತೂಕ ೧೮೦ ಗ್ರೇನ್, ಎಂದರೆ ಒಂದು ತೊಲ, ೧೧.೬೬ ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೆರಕೆ. ಉಕ್ಕಿನ ಎರಡು ಅಚ್ಚುಗಳ ನಡುವೆ ಬಿಲ್ಲೆ ಸಿಕ್ಕಿ ಒತ್ತಿಸಿಕೊಂಡಾಗ, ಲೋಹವು ಕ್ಷಣಕಾಲ ಗಟ್ಟಿ ಹಿಟ್ಟಿನಂತೆ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಸಾವಿರಾರು ನಾಣ್ಯಗಳನ್ನು ಒತ್ತಿದಂತೆ ಈ ಹರಿವು ಅಚ್ಚಿನ ಮೇಲೆಯೇ ಕೇಂದ್ರದಿಂದ ಹೊರಮುಖವಾದ ಅತಿ ಸೂಕ್ಷ್ಮ ಗೆರೆಗಳನ್ನು ಕೊರೆಯುತ್ತದೆ. ಅವೇ ಗೆರೆಗಳು ನಾಣ್ಯದ ಮೇಲೆ ಮೂಡುತ್ತವೆ. ಇಂತಹ ನಾಣ್ಯವನ್ನು ಒಂದೇ ದೀಪದ ಕೆಳಗೆ ಓಲಾಡಿಸಿದರೆ, ಎರಡು ಬೆಳ್ಳನೆಯ ಪಟ್ಟಿಗಳು ಬಂಡಿಯ ಗಾಲಿಯ ಅರಗಳಂತೆ ನಾಣ್ಯದ ಮೇಲೆ ಸುತ್ತುತ್ತವೆ. ಇದಕ್ಕೆ ಗಾಲಿಹೊಳಪು ಎನ್ನೋಣ. ಚಲಾವಣೆಗೆ ಬೀಳದ ನಾಣ್ಯದ ಮುಖ್ಯ ಲಕ್ಷಣ ಇದು. ಈ ಗೆರೆಗಳ ಎತ್ತರ ಮೈಕ್ರಾನುಗಳ ಲೆಕ್ಕದ್ದು. ಒಮ್ಮೆ ಅಳಿದರೆ ಯಾವ ಪತ್ತಾರರ ಕೈಯಿಂದಲೂ ಅದನ್ನು ಮರಳಿ ತರಲಾಗದು.

ಸವೆತ ಮತ್ತು ಅರೆ ಒತ್ತು

ನಾಣ್ಯವು ಕೈಯಿಂದ ಕೈಗೆ, ಚೀಲದಿಂದ ಗಲ್ಲಾಪೆಟ್ಟಿಗೆಗೆ ಸಾಗುವಾಗ ಮೊದಲು ಸವೆಯುವುದು ಉಬ್ಬಿದ ಭಾಗಗಳು. ನಾಣ್ಯವು ಸಮತಲದ ಮೇಲೆ ಉಜ್ಜಿದಾಗ ಅದರ ಭಾರವೆಲ್ಲ ಈ ಕೆಲವೇ ಉಬ್ಬುಗಳ ಮೇಲೆ ಬೀಳುತ್ತದೆ. ಭಾರ ಹೊರುವ ಕ್ಷೇತ್ರ ಕಿರಿದಾದಷ್ಟೂ ಒತ್ತಡ ಹೆಚ್ಚು. ರಾಣಿಯ ಕೆನ್ನೆ, ಕಿರೀಟದ ಅಂಚು, ಕಿವಿಯ ಮೇಲಿನ ಕೂದಲು, ಹಿಂಬದಿಯ ಹೂಬಳ್ಳಿಯ ಮೊಗ್ಗು ಇವನ್ನು ನೋಡಿದರೆ ಸವೆತದ ಪ್ರಮಾಣ ತಿಳಿಯುತ್ತದೆ.

ಇದಕ್ಕೆ ಐದನೆಯ ಜಾರ್ಜ್ ದೊರೆಯ ರೂಪಾಯಿ ಒಳ್ಳೆಯ ಉದಾಹರಣೆ. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ, ಜೋಳದ ಕಾಳಿಗಿಂತ ಚಿಕ್ಕದಾದ ಒಂದು ಆನೆಯಿದೆ. ೧೯೧೧ರ ನಾಣ್ಯದಲ್ಲಿ ಆ ಆನೆಯ ಸೊಂಡಿಲು ಗಿಡ್ಡವಾಗಿದ್ದುದರಿಂದ ಜನರು ಅದನ್ನು ಹಂದಿಯೆಂದು ಬಗೆದು ಆಕ್ಷೇಪಿಸಿದರು. ೧೯೧೨ರಲ್ಲಿ ಅಚ್ಚನ್ನು ತಿದ್ದಿ ಸೊಂಡಿಲನ್ನು ಸ್ಪಷ್ಟಗೊಳಿಸಲಾಯಿತು. ೧೯೧೧ರ ನಾಣ್ಯಕ್ಕೆ ಹಂದಿ ರೂಪಾಯಿ ಎಂಬ ಹೆಸರೇ ಉಳಿಯಿತು. ಕಾಳಿನಷ್ಟು ಜಾಗದ ಉಬ್ಬುತಗ್ಗು ಒಂದು ಸಾಮ್ರಾಜ್ಯದ ಟಂಕಸಾಲೆಯನ್ನೇ ತಿದ್ದಿಸಿತು. ಸವೆದ ನಾಣ್ಯದಲ್ಲಿ ಆ ಪ್ರಾಣಿಯ ಜಾಗದಲ್ಲಿ ಒಂದು ಮೊಂಡು ಗುಬುಟು ಮಾತ್ರ ಉಳಿದಿರುತ್ತದೆ. ಸೊಂಡಿಲು, ಕಾಲುಗಳು ಬಿಡಿಬಿಡಿಯಾಗಿ ಕಂಡರೆ ದರ್ಜೆ ಮೇಲಿನದೆಂದು ತಿಳಿಯಬಹುದು.

ಆದರೆ ಉಬ್ಬಿದ ಭಾಗ ಮಬ್ಬಾಗಿದೆಯೆಂದ ಮಾತ್ರಕ್ಕೆ ಅದು ಸವೆತವೇ ಆಗಬೇಕಿಲ್ಲ. ಒತ್ತುವಾಗ ಬಲ ಸಾಲದೆ ಲೋಹವು ಅಚ್ಚಿನ ಆಳವನ್ನು ತುಂಬದಿದ್ದರೂ ಹಾಗೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವುದು ಬೆಳಕೇ. ಅರೆ ಒತ್ತಿನ ನಾಣ್ಯದಲ್ಲಿ ಗಾಲಿಹೊಳಪು ಸುತ್ತಲಿನ ಬಯಲಿನಲ್ಲಿ ಮುರಿಯದೆ ಸುತ್ತುತ್ತಿರುತ್ತದೆ. ಸವೆದ ನಾಣ್ಯದಲ್ಲಾದರೋ ಅರವು ಉಬ್ಬಿನ ಬಳಿಗೆ ಬಂದೊಡನೆ ಕಡಿದುಹೋಗಿ, ಅಲ್ಲಿ ಬೂದು ಬಣ್ಣದ ಕಲೆ ತೋರುತ್ತದೆ.

ಉಬ್ಬುಗೆರೆಯೋ, ತಗ್ಗುಗೆರೆಯೋ

ನಾಣ್ಯದ ಮೇಲೊಂದು ಗೆರೆ ಕಂಡಿತೆನ್ನೋಣ. ಅದು ಟಂಕಸಾಲೆಯಲ್ಲಿ ಹುಟ್ಟಿದ್ದೋ, ಅನಂತರ ಬಿದ್ದದ್ದೋ? ಅಚ್ಚು ಬಿರಿದಿದ್ದರೆ ಆ ಬಿರುಕಿನೊಳಗೆ ಲೋಹ ನುಗ್ಗಿ, ನಾಣ್ಯದ ಮೇಲೆ ಉಬ್ಬುಗೆರೆ ಏಳುತ್ತದೆ. ಚೂಪಾದ ವಸ್ತು ತಾಗಿ ಆದ ಗೀರು ತಗ್ಗುಗೆರೆ. ಮೊದಲನೆಯದು ದರ್ಜೆಯನ್ನು ಸಾಮಾನ್ಯವಾಗಿ ಅಷ್ಟಾಗಿ ತಗ್ಗಿಸದು, ಎರಡನೆಯದು ತಗ್ಗಿಸುವುದು.

ಪರೀಕ್ಷೆ ಸುಲಭ. ಕೋಣೆಯನ್ನು ಕತ್ತಲೆ ಮಾಡಿ, ಒಂದೇ ದೀಪವನ್ನು ಎಡಗಡೆ ತಗ್ಗಿನಲ್ಲಿಟ್ಟು, ಬೆಳಕು ನಾಣ್ಯದ ಮೇಲೆ ಓರೆಯಾಗಿ ಹರಿಯುವಂತೆ ಮಾಡಬೇಕು. ಗೆರೆಯ ಎಡಬದಿ ಬೆಳಗಿ ಬಲಬದಿ ಕತ್ತಲಾದರೆ ಅದು ಉಬ್ಬು. ಎಡಬದಿ ಕತ್ತಲಾಗಿ ಬಲಬದಿ ಬೆಳಗಿದರೆ ಅದು ತಗ್ಗು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೆಳಕು ಮೇಲಿನಿಂದಲೇ ಬರುವುದೆಂದು ನಮ್ಮ ಮಿದುಳು ಮೊದಲೇ ಭಾವಿಸಿಕೊಂಡಿರುತ್ತದೆ. ಆದಕಾರಣ ದೀಪ ಎಲ್ಲಿದೆಯೆಂದು ತಿಳಿಯದೆ ಕೇವಲ ಛಾಯಾಚಿತ್ರವನ್ನು ನೋಡಿದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ತೋರಬಹುದು. ಚಿತ್ರ ನೋಡಿ ನಾಣ್ಯ ಕೊಳ್ಳುವವರು ಇದನ್ನು ಮರೆಯಬಾರದು.

ಓರೆ ಬೆಳಕೇ ಏಕೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ೦.೦೨ ಮಿಲಿಮೀಟರ್ ಎತ್ತರದ ಉಬ್ಬುಗೆರೆಯಿದೆಯೆನ್ನೋಣ. ದೀಪವು ೪೫ ಅಂಶದ ಎತ್ತರದಲ್ಲಿದ್ದರೆ ಅದರ ನೆರಳಿನ ಉದ್ದವೂ ೦.೦೨ ಮಿಲಿಮೀಟರ್. ದೀಪವನ್ನು ೧೦ ಅಂಶಕ್ಕೆ ಇಳಿಸಿದರೆ ನೆರಳು ಸುಮಾರು ೫.೭ ಪಟ್ಟು ಬೆಳೆದು ೦.೧೧ ಮಿಲಿಮೀಟರ್ ಆಗುತ್ತದೆ. ೨೫ ಸೆಂಟಿಮೀಟರ್ ದೂರದಿಂದ ನಮ್ಮ ಕಣ್ಣು ಬಿಡಿಸಿ ನೋಡಬಲ್ಲ ಅಂತರ ಸುಮಾರು ೦.೦೭ ಮಿಲಿಮೀಟರ್. ಮೊದಲ ನೆರಳು ಈ ಮಿತಿಯ ಕೆಳಗಿದೆ, ಎರಡನೆಯದು ಮೇಲಿದೆ. ಭೂತಗನ್ನಡಿಯಿಲ್ಲದೆಯೂ ದೀಪದ ಸ್ಥಾನವನ್ನು ಬದಲಿಸಿ ಕಾಣದ್ದನ್ನು ಕಾಣಿಸಬಹುದೆಂದು ಇದರಿಂದ ಸಿದ್ಧವಾಗುತ್ತದೆ.

ಗೀರುಗಳ ದಿಕ್ಕು

ಊಟದ ಸ್ಟೀಲ್ ತಾಟನ್ನು ಒಂಟಿ ದೀಪದ ಕೆಳಗೆ ಹಿಡಿದು ನೋಡಿ. ದೀಪದ ಬಿಂಬದ ಸುತ್ತ ಕೂದಲೆಳೆಯಂತಹ ಗೀರುಗಳು ವರ್ತುಲವರ್ತುಲವಾಗಿ ಕಾಣುತ್ತವೆ. ತಾಟನ್ನು ಸರಿಸಿದರೆ ವರ್ತುಲಗಳೂ ದೀಪದ ಬಿಂಬದೊಡನೆ ಸರಿಯುತ್ತವೆ! ತಾಟಿನ ಮೇಲೆ ನಿಜವಾಗಿ ಇರುವುದು ಎಲ್ಲ ದಿಕ್ಕಿನ ಗೀರುಗಳು. ಗೀರು ಬೆಳಕನ್ನು ತನಗೆ ಅಡ್ಡವಾದ ದಿಕ್ಕಿನಲ್ಲಿ ಹರಡುತ್ತದೆ. ಆದುದರಿಂದ ಬಿಂಬದ ಸುತ್ತ ಅಡ್ಡಲಾಗಿ ನಿಂತ ಗೀರುಗಳ ಬೆಳಕು ಮಾತ್ರ ನಮ್ಮ ಕಣ್ಣನ್ನು ತಲಪುತ್ತದೆ, ಉಳಿದವು ಅಡಗಿರುತ್ತವೆ.

ಈ ತತ್ತ್ವವನ್ನು ನಾಣ್ಯಕ್ಕೆ ಅನ್ವಯಿಸೋಣ. ಚಲಾವಣೆಯಲ್ಲಿ ಬಿದ್ದ ಗೀರುಗಳಿಗೆ ದಿಕ್ಕೆಂಬುದಿಲ್ಲ. ನಾಣ್ಯವನ್ನು ಹೇಗೆ ತಿರುಗಿಸಿದರೂ ಅಲ್ಲೊಂದು ಇಲ್ಲೊಂದು ಮಿನುಗುತ್ತವೆ. ಬಟ್ಟೆಯಿಂದಲೋ ತೆಂಗಿನ ನಾರಿನಿಂದಲೋ ತಿಕ್ಕಿದ ನಾಣ್ಯದಲ್ಲಾದರೋ ಗೀರುಗಳು ಒಂದಕ್ಕೊಂದು ಸಮಾಂತರ. ಒಂದು ಭಂಗಿಯಲ್ಲಿ ಒಂದೂ ಕಾಣದು. ಇನ್ನೊಂದು ಭಂಗಿಗೆ ಬಂದೊಡನೆ ನೂರಾರು ಗೆರೆಗಳು ಒಟ್ಟಿಗೆ ಹೊಳೆದು ಮಾಯವಾಗುತ್ತವೆ. ಇಂತಹ ನಾಣ್ಯ ಥಳಥಳಿಸುವುದು ನಿಜ. ಆದರೆ ಅದು ಉಜ್ಜಿದ ಪಾತ್ರೆಯ ಥಳಕು. ಅದರಲ್ಲಿ ಗಾಲಿಯ ಅರಗಳು ತಿರುಗುವುದಿಲ್ಲ.

ಹುಣಸೆಹಣ್ಣಿನ ಲೆಕ್ಕ

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ. ಮೈಮೇಲೆ ಸಿಲ್ವರ್ ಸಲ್ಫೈಡಿನ ಪದರ ಬೆಳೆಯುತ್ತದೆ. ಪದರವು ತೀರ ತೆಳುವಾಗಿದ್ದಾಗ, ಅದರ ಮೇಲ್ಮೈಯಿಂದಲೂ ಕೆಳಗಿನ ಲೋಹದಿಂದಲೂ ಮರಳುವ ಬೆಳಕಿನ ಅಲೆಗಳು ಕೂಡಿ, ಕೆಲವು ಬಣ್ಣಗಳು ಅಡಗಿ ಕೆಲವು ಉಳಿಯುತ್ತವೆ. ನೀರಿನ ಮೇಲೆ ಬಿದ್ದ ಎಣ್ಣೆಯ ಹನಿ ಬಣ್ಣ ತೋರುವುದೂ ಇದೇ ಬಗೆಯಿಂದ. ಹೀಗೆ ಹಳೆಯ ಬೆಳ್ಳಿ ಮೊದಲು ಹೊಂಬಣ್ಣ, ಅನಂತರ ಕಂದು, ನೀಲಿ, ಕೊನೆಗೆ ಕಪ್ಪು ಬಣ್ಣ ತಾಳುತ್ತದೆ. ಸಹಜವಾಗಿ ಸಮನಾಗಿ ಬೆಳೆದ ಈ ಪದರವನ್ನು ಸಂಗ್ರಾಹಕರು ದೋಷವೆಂದು ಎಣಿಸುವುದಿಲ್ಲ. ಮೈಯನ್ನು ಯಾರೂ ಕೆಣಕಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಕಪ್ಪು ನಾಣ್ಯದ ಮೇಲೆ ಕುಳಿತ ಕೊಳೆಯೆಂದು ತಿಳಿಯುವುದು ಸರಿಯಲ್ಲ. ಸಿಲ್ವರ್ ಸಲ್ಫೈಡಿನ ತೂಕದಲ್ಲಿ ನೂರಕ್ಕೆ ೮೭ ಪಾಲು ಬೆಳ್ಳಿಯೇ, ಅದೂ ನಾಣ್ಯದ ಮೈಯ ಬೆಳ್ಳಿ. ರೂಪಾಯಿಯ ವ್ಯಾಸ ಸುಮಾರು ೩೦.೫ ಮಿಲಿಮೀಟರ್, ಎರಡೂ ಮುಖಗಳ ಕ್ಷೇತ್ರ ಸುಮಾರು ೧೪.೬ ಚದರ ಸೆಂಟಿಮೀಟರ್. ಪದರದ ದಪ್ಪ ೦.೧ ಮೈಕ್ರಾನ್ ಎಂದು ಹಿಡಿದರೆ, ಅದನ್ನು ಉಜ್ಜಿ ತೆಗೆದಾಗ ಹೋಗುವ ತೂಕ ಸುಮಾರು ಒಂದು ಮಿಲಿಗ್ರಾಂ, ಎಂದರೆ ನಾಣ್ಯದ ತೂಕದ ಹತ್ತುಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ವರ್ಷಕ್ಕೊಮ್ಮೆ ಹೀಗೆ ೫೦ ದೀಪಾವಳಿಗಳಲ್ಲಿ ಬೆಳಗಿದರೂ ನಷ್ಟ ೫೦ ಮಿಲಿಗ್ರಾಂ, ಇನ್ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಪತ್ತಾರರು ಇದಕ್ಕಾಗಿ ಬೆಲೆ ಕಡಿಮೆ ಮಾಡುವುದಿಲ್ಲ. ಆದರೆ ದಪ್ಪದ ಲೆಕ್ಕದಲ್ಲಿ ಆ ೫೦ ವರ್ಷಗಳಲ್ಲಿ ಹೋದದ್ದು ಸುಮಾರು ೫ ಮೈಕ್ರಾನ್. ಗಾಲಿಹೊಳಪಿನ ಗೆರೆಗಳು ಪೂರ್ತಿ ಅಳಿಯಲು ಅಷ್ಟು ಸಾಕು. ಬೂದಿಯಲ್ಲಿ ಮಣ್ಣಿನ ಮರಳುಕಣಗಳಿದ್ದರಂತೂ ಹಾನಿ ಇನ್ನೂ ಹೆಚ್ಚು. ಗಡಸುತನದ ಮೋಸ್ ಮಾಪನದಲ್ಲಿ ಬೆಳ್ಳಿಯ ಸ್ಥಾನ ೨.೫ರಿಂದ ೩, ಮರಳಿನ ಸ್ಫಟಿಕದ್ದು ೭. ತಾಮ್ರದ ದುಡ್ಡುಗಳ ಗತಿಯೂ ಇದೇ. ಹುಣಸೆಯ ಹುಳಿಯು ತಾಮ್ರದ ಕಂದು ಪದರವನ್ನು ಕರಗಿಸಿ, ಕೆಳಗಿನ ಹಸಿ ಲೋಹವನ್ನು ತೆರೆದಿಡುತ್ತದೆ. ಆ ಕೆಂಪು ಹೊಳಪನ್ನು ಬಲ್ಲವರ ಕಣ್ಣು ಕೂಡಲೇ ಗುರುತಿಸುತ್ತದೆ.

ಹೀಗೆ ತಕ್ಕಡಿಗೆ ತಿಳಿಯದ ನಷ್ಟ ಬೆಳಕಿಗೆ ತಿಳಿಯುತ್ತದೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದೇ.

ತೂತು, ಕೊಂಡಿ, ಚಿನಿವಾರರ ಮುದ್ರೆ

ನಮ್ಮ ಶಿರಹಟ್ಟಿ, ಮುಂಡರಗಿಗಳ ಕಡೆಯ ತಾಂಡಾಗಳಲ್ಲಿ ಲಂಬಾಣಿ ಸ್ತ್ರೀಯರು ಉಡುಪಿನಲ್ಲಿಯೂ ಒಡವೆಗಳಲ್ಲಿಯೂ ಹಳೆಯ ನಾಣ್ಯಗಳನ್ನು ಧರಿಸುವುದುಂಟು. ರೂಪಾಯಿಗಳಿಗೆ ಕೊಂಡಿ ಬೆಸೆದು ಸರ ಮಾಡಿಸುವ ರೂಢಿ ಇತರ ಮನೆಗಳಲ್ಲಿಯೂ ಇತ್ತು. ತೂತು ಕೊರೆದಾಗ ಅದರ ಸುತ್ತಲಿನ ಲೋಹ ಸರಿದು ಅಂಚೇಳುತ್ತದೆ. ಬೆಸುಗೆ ಹಾಕಿದಾಗ ಬೆಂಕಿಯ ತಾಪಕ್ಕೆ ಅಲ್ಲಿನ ಮೈಯ ಬಣ್ಣ ಬದಲಾಗುತ್ತದೆ. ಕೊಂಡಿಯನ್ನು ಕಿತ್ತು ಅರದಿಂದ ಉಜ್ಜಿದರೂ, ಅಂಚಿನ ಕಚ್ಚುಗಳು ಆ ಜಾಗದಲ್ಲಿ ಕಾಣೆಯಾಗಿರುವುದರಿಂದ ಗುಟ್ಟು ಬಯಲಾಗುತ್ತದೆ. ಹಿಂದಿನ ಕಾಲದ ಬೆಳ್ಳಿಯ ನಾಣ್ಯಗಳ ಮೇಲೆ ಚಿನಿವಾರರು ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದ ಚಿಕ್ಕ ಮುದ್ರೆಗಳೂ ಉಂಟು.

ಇವೆಲ್ಲ ದರ್ಜೆಯನ್ನು ತಗ್ಗಿಸುವುವು. ಆದರೆ ದರ್ಜೆಯೇ ಬೇರೆ, ಮಹತ್ತ್ವವೇ ಬೇರೆ. ಚಿನಿವಾರರ ಮುದ್ರೆ ಆ ನಾಣ್ಯ ಪೇಟೆಯಲ್ಲಿ ನಡೆದುಬಂದ ದಾರಿಯ ದಾಖಲೆ. ತಾಯಿ ಮಗಳಿಗೆ ಕೊಟ್ಟ ರೂಪಾಯಿ ಸರವೂ ಒಂದು ದಾಖಲೆಯೇ. ದರ್ಜೆ ಹೆಚ್ಚೀತೆಂದು ಅದರ ಕೊಂಡಿಗಳನ್ನು ಕೀಳಿಸಿದರೆ ನಾಣ್ಯವೂ ಉಳಿಯದು, ಸರವೂ ಉಳಿಯದು.

ಅಂಕಗಳ ಪದ್ಧತಿ

೧೯೪೯ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ೧ರಿಂದ ೭೦ರವರೆಗಿನ ಅಂಕಗಳ ಮಾಪನವೊಂದನ್ನು ಪ್ರಕಟಿಸಿದರು. ಯಾವ ನಾಣ್ಯವೆಂದು ಗುರುತಿಸಲು ಮಾತ್ರ ಸಾಧ್ಯವಾದಷ್ಟು ಸವೆದದ್ದಕ್ಕೆ ೧, ಪರಿಪೂರ್ಣವಾದದ್ದಕ್ಕೆ ೭೦, ಎರಡನೆಯದರ ಬೆಲೆ ಮೊದಲನೆಯದರ ೭೦ ಪಟ್ಟು ಎಂಬುದು ಅವರ ಎಣಿಕೆ. ಬೆಲೆಯ ಆ ಸಂಬಂಧ ಉಳಿಯಲಿಲ್ಲ, ಅಂಕಗಳು ಉಳಿದುವು. ಇಂದು ೬೦ ಮತ್ತು ಅದರ ಮೇಲಿನ ಅಂಕಗಳು ಚಲಾವಣೆಗೆ ಬೀಳದ ನಾಣ್ಯಗಳಿಗೆ ಮೀಸಲು. ೧೯೮೬ರಲ್ಲಿ ಪಿ.ಸಿ.ಜಿ.ಎಸ್., ೧೯೮೭ರಲ್ಲಿ ಎನ್.ಜಿ.ಸಿ. ಎಂಬ ಅಮೆರಿಕದ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕವನ್ನು ನಮೂದಿಸಿ, ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ಕ್ರಮವನ್ನು ಆರಂಭಿಸಿದುವು. ಭಾರತದ ರೂಪಾಯಿಗಳಿಗೂ ಈ ಅಂಕಗಳೇ ಬಳಕೆಯಲ್ಲಿವೆ. ಬಲವಾಗಿ ತಿಕ್ಕಿದ, ತೂತು ಕೊರೆದ, ಕೊಂಡಿ ಬೆಸೆದ ನಾಣ್ಯಕ್ಕೆ ಸಾಮಾನ್ಯವಾಗಿ ಅಂಕವೇ ಇಲ್ಲ; ಅದರ ದೋಷವನ್ನು ಹೆಸರಿಸಿ ಬರೆಯುತ್ತಾರೆ. ಸವೆದ ನಾಣ್ಯಕ್ಕೆ ೨೦ ಅಂಕವಾದರೂ ಉಂಟು, ಉಜ್ಜಿ ಬೆಳಗಿದ ನಾಣ್ಯಕ್ಕೆ ಅದೂ ಇಲ್ಲವೆಂಬುದನ್ನು ಗಮನಿಸಬೇಕು.

ಈ ನಿಯಮ ಲೋಹಕ್ಕೆ ಮಾತ್ರ ಸೀಮಿತವಲ್ಲ. ಕೆನಡಾ, ಅಮೆರಿಕಗಳಲ್ಲಿ ಐಸ್ ಹಾಕಿ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳನ್ನು ಸಂಗ್ರಹಿಸಿ, ೧ರಿಂದ ೧೦ರವರೆಗೆ ಅಂಕ ಕೊಡುವ ರೂಢಿಯಿದೆ. ಅಲ್ಲಿಯೂ ಓರೆ ಬೆಳಕಿನ ಕೆಳಗೆ ಓಲಾಡಿಸಿಯೇ ನೋಡುತ್ತಾರೆ. ಮಡಿಸಿದಾಗ ಕಾಗದದ ನಾರುಗಳು ಮುರಿದು, ಹೊಳಪಿನ ಲೇಪ ಬಿರಿದು, ಆ ಗೆರೆಯಲ್ಲಿ ಬೆಳಕು ಚೆದರುತ್ತದೆ. ಎಷ್ಟು ಒತ್ತಿ ನೇರಮಾಡಿದರೂ ಮುರಿದ ನಾರು ಮತ್ತೆ ಕೂಡದು.

ಮನೆಯಲ್ಲಿ ಮಾಡಬೇಕಾದುದು

ಹಳೆಯ ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಬೆರಳಿನ ಬೆವರಿನ ಉಪ್ಪು, ಆಮ್ಲಗಳು ಮುಖದ ಮೇಲೆ ಕಾಲಾಂತರದಲ್ಲಿ ಕಲೆಯಾಗಿ ಮೂಡುತ್ತವೆ. ಮಣ್ಣು ಮೆತ್ತಿದ್ದರೆ ಶುದ್ಧವಾದ ಭಟ್ಟಿ ನೀರಿನಲ್ಲಿ ನೆನೆಯಿಟ್ಟು, ಉಜ್ಜದೆ, ಮೃದುವಾದ ಬಟ್ಟೆಯನ್ನು ಒತ್ತಿ ನೀರು ಹೀರಿಸಬೇಕು. ಹುಳಿ, ಬೂದಿ, ಹಲ್ಲುಪುಡಿ ಯಾವುದೂ ಸಲ್ಲದು. ಒಂದೊಂದನ್ನೂ ಪ್ರತ್ಯೇಕವಾಗಿ ಆಮ್ಲರಹಿತ ಕಾಗದದಲ್ಲಿಡಬೇಕು. ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಚೀಲಗಳು ಕಾಲಕ್ರಮದಲ್ಲಿ ಕೆಟ್ಟು ನಾಣ್ಯದ ಮೇಲೆ ಹಸಿರು ಅಂಟನ್ನು ಬಿಡುವುದರಿಂದ ಅವನ್ನು ಬಳಸಬಾರದು. ಹೊಲದಲ್ಲಿಯೋ ಪಾಯದಲ್ಲಿಯೋ ನಾಣ್ಯಗಳು ದೊರೆತರೆ, ೧೯೬೨ರ ಕರ್ನಾಟಕ ನಿಧಿ ಕಾಯಿದೆಯ ಮೇರೆಗೆ ಸರ್ಕಾರಕ್ಕೆ ತಿಳಿಸತಕ್ಕದ್ದು. ಆಗಲೂ ತೊಳೆಯದೆ ಇದ್ದಂತೆಯೇ ಒಪ್ಪಿಸುವುದು ಮೇಲು. ಮೈಗಂಟಿದ ಮಣ್ಣು, ಕಿಲುಬುಗಳಿಂದಲೂ ತಜ್ಞರು ಸಂಗತಿಗಳನ್ನು ತಿಳಿಯಬಲ್ಲರು.

ಪೂಜೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ವರ್ಷವರ್ಷ ಬೆಳಗುವುದಕ್ಕೆ ಒಂದು ರೂಪಾಯಿಯನ್ನು ಗೊತ್ತು ಮಾಡಿಕೊಂಡು, ಉಳಿದವನ್ನು ಅವುಗಳ ಕಪ್ಪಿನೊಡನೆಯೇ ಇರಗೊಟ್ಟರೆ ಸಾಕು. ಬೆಳಗುವ ಮೊದಲು ಒಮ್ಮೆ ಅವನ್ನು ಒಂಟಿ ದೀಪದ ಕೆಳಗೆ ಓಲಾಡಿಸಿ ನೋಡಿರಿ. ನೂರು ವರ್ಷ ಪೆಟ್ಟಿಗೆಯಲ್ಲಿದ್ದ ರೂಪಾಯಿಯ ಮೈಮೇಲೆ ಗಾಲಿಯ ಅರಗಳು ಇನ್ನೂ ಸುತ್ತುತ್ತಿದ್ದರೆ, ಅದನ್ನು ಒತ್ತಿದ ದಿನದ ಮೈ ಹಾಗೆಯೇ ಉಳಿದಿದೆಯೆಂದು ತಿಳಿದು, ಮೆಲ್ಲನೆ ಮತ್ತೆ ಕಾಗದದಲ್ಲಿ ಸುತ್ತಿಡಿರಿ.